ನೀರಿನ ಎಳೆತ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲೋಳೆಯಕ್ಕ ಎಂದೇ ಕರೆಯುತ್ತಿದ್ದರು. ಸುಟ್ಟ ಗಾಯದ ಮೇಲೆ ಹಾಕುವ ಜೆಲ್ ಹಾಳೆ ಮಾಡುವ ಕಾರ್ಖಾನೆ ಅದು. ಅಲ್ಲಿನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳ ಬೆರಳ ತುದಿ ಒಣಗಿದ್ದೇ ಅಪರೂಪ, ಹಾಗಾಗಿ ಆ ಹೆಸರು. ಹೆಸರಿಟ್ಟವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದ ಸಿಟ್ಟನ್ನೆಲ್ಲ ಅವಳು ಒಬ್ಬನಿಗೇ ಮೀಸಲಿಟ್ಟಿದ್ದಳು. ಅದನ್ನು ನಾಲ್ಕು ಜನರಿಗೆ ಹಂಚಿ ಹಗುರಾಗುವ ಜಾಯಮಾನ ಅವಳದಲ್ಲ.

ಆ ಒಬ್ಬ ಎಂದರೆ ಪ್ರಯೋಗಾಲಯದ ಮುಖ್ಯಸ್ಥ. ಮಾತಿಗೆ ಮುಂಚೆ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ ಆದ್ದರಿಂದ, ಅವನ ಬೆನ್ನ ಹಿಂದೆ ಎಲ್ಲರೂ ಬೆಣ್ಣೆರಾಯ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅವನೂ ಅವಳ ಪಕ್ಕದ ಬೆಂಚಿನಲ್ಲಿ ನಿಂತು ಪುಡಿ ತೂಗಿದವನೇ. ಆಗ ದಿನಕ್ಕೆ ನಲವತ್ತು ಸಲ ಅವಳನ್ನು ಅಕ್ಕಾ ಅಕ್ಕಾ ಎಂದು ಕರೆದವನು, ಕುರ್ಚಿ ಸಿಕ್ಕಿದ ಮೇಲೆ "ನೋಡಿ ಇವ್ರೇ" ಎನ್ನತೊಡಗಿದ.

ಅವಳು ಆ ಕಟ್ಟಡಕ್ಕೆ ಬಂದದ್ದು ಸೀಸೆ ತೊಳೆಯುವುದಕ್ಕೆ. ಕಾಲೇಜಿನಲ್ಲಿ ಒಂದು ವರ್ಷ ವಿಜ್ಞಾನ ಓದಿ, ಮನೆಯಲ್ಲಿ ಅನುಕೂಲವಿಲ್ಲದೆ ಬಿಟ್ಟವಳು. ಅಲ್ಲಿದ್ದ ಮುದುಕ ರಸಾಯನಶಾಸ್ತ್ರಜ್ಞರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ತೊಳೆದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆಯುವ ಈ ಹುಡುಗಿಯ ಕೈಗೆ ಅವರೇ ತಕ್ಕಡಿ ಕೊಟ್ಟರು.

ಜೆಲ್ ಎಂದರೆ ಹೆಚ್ಚುಪಾಲು ನೀರು, ಆ ನೀರನ್ನು ಹರಿಯಗೊಡದೆ ಹಿಡಿದುಕೊಂಡ ಎಳೆಗಳ ಬಲೆ. ಎಳೆಗೆ ಎಳೆ ಕಟ್ಟುವ ಮದ್ದಿಗೆ ಬಾಯಿ ತಿರುಗದ ಹೆಸರೊಂದಿತ್ತು. ಮೇಷ್ಟ್ರು ಅದನ್ನು ಗಂಟಿನ ಮದ್ದು ಎಂದು ಕರೆದು ಎಲ್ಲರ ನಾಲಿಗೆ ಉಳಿಸಿದ್ದರು. ಗಂಟು ಹೆಚ್ಚಾದರೆ ಬಲೆ ಬಿಗಿ. ಒಳಗೆ ನೀರಿಗೆ ಜಾಗವಿಲ್ಲ, ಹಾಳೆ ಗಟ್ಟಿ, ಆದರೆ ಮಡಿಚಿದರೆ ಪಟ್ಟನೆ ಸೀಳುತ್ತದೆ. ಗಂಟು ಕಡಿಮೆಯಾದರೆ ಬಲೆ ಸಡಿಲ. ಹಾಳೆ ನೀರು ಕುಡಿದು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ತನ್ನ ಭಾರಕ್ಕೇ ಹರಿದುಹೋಗುತ್ತದೆ. ಅವಳ ಗಂಡ ದರ್ಜಿ. ಊಟದ ಹೊತ್ತಿಗೆ ಇದನ್ನು ಕೇಳಿಸಿಕೊಂಡು, "ನಮ್ಮಲ್ಲೂ ಹಂಗೇ ಕಣೇ. ಹೊಲಿಗೆ ತೀರಾ ಒತ್ತಾಗಿ ಹಾಕಿದ್ರೆ ಬಟ್ಟೆ ಆ ಹೊಲಿಗೆ ಉದ್ದಕ್ಕೇ ಹರಿಯುತ್ತೆ. ದೂರ ದೂರ ಹಾಕಿದ್ರೆ ಬಾಯಿ ಬಿಡುತ್ತೆ," ಎಂದಿದ್ದ. ಅಷ್ಟೇ ವಿಷಯವನ್ನು ಮುಂದೆ ಬೆಣ್ಣೆರಾಯ ಮುಕ್ಕಾಲು ಗಂಟೆ ಭಾಷಣ ಮಾಡಿ ಹೇಳುತ್ತಿದ್ದ.

ಮೇಷ್ಟ್ರು ಕಲಿಸಿದ್ದರಲ್ಲಿ ಅವಳು ಒಂದು ದಿನವೂ ಬಿಡದೆ ಪಾಲಿಸಿದ್ದು ಒಂದನ್ನು. ಹಾಳೆಯ ಬಲ ನೋಡಲು ಅದರ ಪಟ್ಟಿ ಕತ್ತರಿಸಿ, ಯಂತ್ರದ ಎರಡು ಹಿಡಿಗಳ ನಡುವೆ ಸಿಕ್ಕಿಸಿ, ಹರಿಯುವ ತನಕ ಎಳೆಯಬೇಕು. ಜಾರದಿರಲೆಂದು ಹಿಡಿಯ ಒಳಗೆ ಬಡಗಿಗಳು ಮರ ಉಜ್ಜುವ ಉಪ್ಪುಕಾಗದ ಅಂಟಿಸಿದ್ದು ಅವಳದೇ ಉಪಾಯ. ಎಳೆಯುವುದು ಎರಡು ಸಲ. ಅಚ್ಚಿನಿಂದ ಬಿಡಿಸಿದ ಕೂಡಲೆ ಒಂದು, ಅದು ಅಚ್ಚಿನ ಎಳೆತ. ಎರಡು ದಿನ ಉಪ್ಪುನೀರಿನಲ್ಲಿ ಬಿದ್ದುಕೊಂಡು ಇನ್ನು ಒಂದು ಹನಿಯೂ ಬೇಡ ಎನ್ನುವಷ್ಟು ಕುಡಿದ ಮೇಲೆ ಇನ್ನೊಂದು, ಅದು ನೀರಿನ ಎಳೆತ. "ಗಾಯ ಒದ್ದೆ ಇರುತ್ತಮ್ಮ. ಅಚ್ಚಿನ ಅಂಕಿ ನಮ್ಮ ಖುಷಿಗೆ, ನೀರಿನ ಅಂಕಿ ಮಲಗಿರೋರಿಗೆ," ಎನ್ನುತ್ತಿದ್ದರು ಮೇಷ್ಟ್ರು. ಪ್ರತಿ ಹಾಳೆಗೂ ಒಂದು ಚೀಟಿ, ಚೀಟಿಯಲ್ಲಿ ಎರಡು ಮನೆ, ಎರಡಕ್ಕೂ ಅಂಕಿ ಬಿದ್ದ ಮೇಲೆ ಕೆಳಗೆ ಅವಳ ಸಹಿ.

ಮೇಷ್ಟ್ರು ನಿವೃತ್ತರಾದ ಮೇಲೆ ಅವಳೊಂದು ಹಾಳೆಯ ಬೆನ್ನು ಹತ್ತಿದಳು. ನೆಂದ ಮೇಲೂ ಎರಡು ಮೂಲೆ ಹಿಡಿದು ಎತ್ತಿದರೆ ಹರಿಯಬಾರದು, ಹಾಗೆಂದು ಗಾಜಿನ ಹಾಗೆ ಬಿರುಸಾಗಲೂ ಬಾರದು. ಹದಿನಾಲ್ಕು ತಿಂಗಳು, ಅರವತ್ತೆರಡು ಅಚ್ಚು. ಕೆಲವು ಕೈಯಲ್ಲಿ ಹಪ್ಪಳದ ಹಾಗೆ ಮುರಿದವು, ಕೆಲವು ನೆಗಡಿ ಹಿಡಿದ ಮೂಗಿನ ಹಾಗೆ ಸೋರಿದವು. ಅರವತ್ತಮೂರನೆಯದು ನಿಂತಿತು. ಅಂದು ಅವಳು ನೆಂದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಪಕ್ಕದ ಬೆಂಚಿನವನಿಗೆ ತೋರಿಸಿ, ಮಗುವಿನಂತೆ ನಕ್ಕಳು. ತೋರಿಸಬಾರದಿತ್ತು.

"ಅಕ್ಕಾ, ನಿಮ್ಮ ಬರಹ ಮೇಲಿನವರಿಗೆ ತಲೆಬುಡ ಅರ್ಥ ಆಗಲ್ಲ. ಪುಸ್ತಕ ಕೊಡಿ, ಚೆಂದ ಮಾಡಿ ಟೈಪ್ ಮಾಡ್ಕೊಡ್ತೀನಿ," ಎಂದ ಅವನು. ಅವಳು ಕೊಟ್ಟಳು. ಹಾಳೆ ಹೊರಬಂತು, ಆಸ್ಪತ್ರೆಗಳು ಮೆಚ್ಚಿದವು, ಮಾಲೀಕರು ಸಭೆ ಕರೆದು ಹಾರ ಹಾಕಿದರು. ಹಾರ ಬಿದ್ದದ್ದು ಅವನ ಕೊರಳಿಗೆ. ಟೈಪಾದ ಕಾಗದದಲ್ಲಿ ಮೊದಲಿಂದ ಕೊನೆಯವರೆಗೆ ಇದ್ದದ್ದು ಒಂದೇ ಹೆಸರು, ಅದು ಅವಳದಲ್ಲ. ಕೇಳಲು ಹೋದವಳಿಗೆ ಅವನು ಕುರ್ಚಿ ತೋರಿಸಿ, ನೀರು ತರಿಸಿ, "ನಾವೆಲ್ಲ ಒಂದೇ ಅಲ್ವಾ ಅಕ್ಕ, ಯಾರ ಹೆಸರಾದ್ರೇನು," ಎಂದು ನಕ್ಕ. ಯಾರ ಹೆಸರಾದರೂ ಆಗುತ್ತದೆ ಎಂದಾದರೆ ಅವಳದೇ ಯಾಕೆ ಆಗಲಿಲ್ಲ ಎಂದು ಕೇಳುವ ಮಾತು ಅವಳಿಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಕುರ್ಚಿ ಬೇಡ, ಹಾರ ಬೇಡ. ಆ ಹಾಳೆ ನನ್ನದಲ್ಲ, ಇವಳದು ಎಂದು ಅವನು ಅವನ ಬಾಯಿಂದಲೇ, ನಾಲ್ಕು ಜನರ ಮುಂದೆ, ಅವಳಿಗೆ ಕೇಳಿಸುವ ಹಾಗೆ ಹೇಳಬೇಕು. ಇದನ್ನು ಅವಳು ಹೊಟ್ಟೆಯಲ್ಲಿಟ್ಟುಕೊಂಡು ಏಳು ವರ್ಷ ಕಳೆದಳು. ಅವನ ಒಂದು ಹಾಸ್ಯಕ್ಕೂ ನಗಲಿಲ್ಲ. ಅವನ ಹೊಸ ಮನೆಗೆ ಇಡೀ ಪ್ರಯೋಗಾಲಯವೇ ಊಟಕ್ಕೆ ಹೋದಾಗ ಇವಳಿಗೆ ಮಾತ್ರ ಹಲ್ಲುನೋವು. ಅತಿಥಿಗಳನ್ನು ಕರೆತಂದು ಅವನು ತನ್ನ ಹಾಳೆಯ ಕಥೆ ಶುರುಮಾಡಿದ ಕೂಡಲೆ ಇವಳು ಗಾಳಿ ಎಳೆಯುವ ಪಂಪು ಹಾಕುತ್ತಿದ್ದಳು. ಅದರ ಗಡಗಡ ಸದ್ದಿನಲ್ಲಿ ಅವನು ಬಾಯಿ ಬಡಿಯುವುದಷ್ಟೇ ಕಾಣುತ್ತಿತ್ತು. ಇವು ಸಣ್ಣ ಸಣ್ಣ ತುತ್ತು, ಹೊಟ್ಟೆ ತುಂಬಿಸುವಂಥವಲ್ಲ. ಗಂಡ, "ಬಿಟ್ಟಾಕೇ, ಎಷ್ಟು ದಿನ ಅಂತ," ಎಂದರೆ, "ನೀವು ಹೊಲಿದ ಅಂಗಿ ಕಾಲರಿಗೆ ಬೇರೆಯವರು ತಮ್ಮ ಹೆಸರಿನ ಪಟ್ಟಿ ಅಂಟಿಸಿಕೊಂಡಿದ್ರೆ ಬಿಡ್ತಿದ್ರಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಕಾಶ ತಾನಾಗಿಯೇ ಬಾಗಿಲಿಗೆ ಬಂತು. ದೊಡ್ಡ ಆಸ್ಪತ್ರೆಯೊಂದು ಆ ಹಳೆಯ ಹಾಳೆಯ ಬಗ್ಗೆಯೇ ದೂರು ಬರೆಯಿತು. ಕಂಕುಳು, ಬೆನ್ನು, ಮೊಣಕಾಲಿನ ಹಿಂದೆ ಅದು ಬಾಗಿ ಕೂರುವುದಿಲ್ಲ, ಗಾಯದ ನೀರನ್ನು ಸಾಕಷ್ಟು ಹೀರುವುದಿಲ್ಲ, ಒಣಗಿ ಅಂಟಿಕೊಂಡರೆ ಬಿಡಿಸುವಾಗ ಮಲಗಿದವರು ಕಿರುಚುತ್ತಾರೆ. ಇನ್ನೂ ಮೆತ್ತಗಿನದು ಬೇಕು. ಬೆಣ್ಣೆರಾಯ ಎರಡು ನಿಮಿಷ ಯೋಚಿಸಿದ. "ಗಂಟಿನ ಮದ್ದು ಅರ್ಧ ಮಾಡಿ. ಮೆತ್ತಗಾಗುತ್ತೆ, ನೀರೂ ಕುಡಿಯುತ್ತೆ," ಎಂದ. ಹೊಸದನ್ನು ಆಸ್ಪತ್ರೆಗೆ ತೋರಿಸುವ ದಿನಕ್ಕೆ ಇನ್ನೊಂದು ತಿಂಗಳಿತ್ತು.

"ನೆಂದ ಮೇಲೆ..." ಎಂದು ಅವಳು ಬಾಯಿ ತೆರೆದಳು. ಸಿಟ್ಟು ಎಷ್ಟೇ ಇರಲಿ, ಅಭ್ಯಾಸ ಮೊದಲು ಮಾತಾಡುತ್ತದೆ.

"ನೋಡಿ ಇವ್ರೇ," ಎಂದ ಅವನು, ಇನ್ನಿಬ್ಬರು ಕೆಲಸದವರ ಎದುರೇ. "ಎಲ್ಲದಕ್ಕೂ ಮೂಗು ತೂರಿಸ್ಬೇಡಿ. ಕೇಳಿದಾಗ ಮಾತ್ರ ಹೇಳಿ."

ಅವಳು ತಲೆಯಾಡಿಸಿದಳು. ಆ ಕ್ಷಣದಲ್ಲೇ ಅವಳ ಬಾಯಿಗೆ ಬೀಗ ಬಿತ್ತು, ಬೀಗದ ಕೈಯನ್ನು ಅವನೇ ಜೇಬಿಗೆ ಹಾಕಿಕೊಂಡ.

ಎರಡು ದಿನ ಕಾಯಲು ಪುರುಸೊತ್ತಿಲ್ಲವೆಂದು ಅವನು ಚೀಟಿಯನ್ನೂ ಹೊಸದಾಗಿ ಅಚ್ಚು ಹಾಕಿಸಿದ. ಅದರಲ್ಲಿ ಒಂದೇ ಮನೆ, "ಎಳೆತ" ಎಂದಷ್ಟೇ. ಯಾವ ಎಳೆತ ಎಂದು ಕೇಳುವ ಪ್ರಶ್ನೆ, ಏಳು ವರ್ಷದಿಂದ ಕೈ ಒದ್ದೆ ಮಾಡಿಕೊಳ್ಳದವನ ತಲೆಗೆ ಬರುವಂಥದ್ದಲ್ಲ. ಅವಳು ಅವನು ಹೇಳಿದಂತೆಯೇ ಗಂಟಿನ ಮದ್ದು ಅರ್ಧ ತೂಗಿದಳು, ಎರಡು ಗಾಜಿನ ಹಲಗೆಗಳ ನಡುವೆ ಸುರಿದಳು, ಬಿಸಿಪೆಟ್ಟಿಗೆಯಲ್ಲಿಟ್ಟಳು, ಬಿಡಿಸಿದ ಕೂಡಲೆ ಎಳೆದಳು. ಅಂಕಿ ಚೆನ್ನಾಗಿಯೇ ಬಂತು. ಅಚ್ಚಿನಿಂದ ಆಗಷ್ಟೇ ಬಂದ ಜೆಲ್ ಇನ್ನೂ ಹೊರಗಿನ ನೀರು ಕುಡಿಯದ್ದು, ಎಳೆಗಳು ಒತ್ತೊತ್ತಾಗಿ ಇರುತ್ತವೆ. ಅವಳು ಅಂಕಿ ಬರೆದು ಸಹಿ ಹಾಕಿದಳು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆದರೂ ಒಂದು ತುಂಡನ್ನು ತನ್ನ ಕಪಾಟಿನ ಮೂಲೆಯಲ್ಲಿ, ಬಟ್ಟಲು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದಳು. ಮೂರನೆಯ ದಿನ ನೋಡಿದರೆ ಅದರ ತೂಕ ನಾಲ್ಕು ಪಟ್ಟಾಗಿತ್ತು. ಚಮಚೆಯಲ್ಲಿ ಎತ್ತಿದರೆ ಅರ್ಧ ಬಟ್ಟಲಿನಲ್ಲೇ ಉಳಿಯಿತು. ಅವಳು ಅದನ್ನು ತೊಟ್ಟಿಗೆ ಸುರಿದು, ನಲ್ಲಿ ಬಿಟ್ಟು, ಬಟ್ಟಲು ತೊಳೆದಿಟ್ಟಳು. ಸರಿಯಾದ ದಾರಿ ಯಾವುದೆಂದು ಅವಳಿಗೆ ಗೊತ್ತಿತ್ತು. ಗಂಟನ್ನು ಸ್ವಲ್ಪವೇ ಇಳಿಸಿ, ಎಳೆ ಕೊಡುವ ಪುಡಿಯನ್ನು ಏರಿಸುತ್ತ ಹೋಗಬೇಕು. ಒಂದು ತಿಂಗಳು ಬಿಡದೆ ಅಚ್ಚು ಹಾಕಿದರೆ ಮೆತ್ತಗೂ ಇರುವ, ಹರಿಯದೆಯೂ ಇರುವ ಹಾಳೆ ಸಿಗುತ್ತದೆ. ಆ ತಿಂಗಳು ಅವಳು ಒಂದು ಅಚ್ಚನ್ನೂ ಹಾಕಲಿಲ್ಲ. ಹೊಸ ಹಾಳೆಯನ್ನು ಹೊಗಳಿದವರ ಮುಂದೆ ಬೆಣ್ಣೆರಾಯ ಉಬ್ಬುವುದನ್ನು ನೋಡುತ್ತ, ಉಬ್ಬು ಮಗನೇ ಉಬ್ಬು ಎಂದು ಮನಸ್ಸಿನಲ್ಲೇ ಹಾರೈಸುತ್ತ ಬೆಂಚು ಒರೆಸಿದಳು. ಅಷ್ಟು ಲವಲವಿಕೆಯಿಂದ ಅವಳು ಕೆಲಸಕ್ಕೆ ಹೋದದ್ದು ಏಳು ವರ್ಷದಲ್ಲಿ ಅದೇ ಮೊದಲು.

ಬುಧವಾರ ಹಾಳೆಗಳು ಆಸ್ಪತ್ರೆಗೆ ಹೋದವು. ಶುಕ್ರವಾರ ಬೆಳಿಗ್ಗೆ ಬೆಣ್ಣೆರಾಯ ಅವಳ ಬೆಂಚಿನ ಬಳಿ ಬಂದು, "ಅಕ್ಕಾ, ನೀವೂ ಬನ್ನಿ. ಟ್ರೇ ಹಿಡ್ಕೊಳ್ಳೋಕೆ ಒಬ್ರು ಬೇಕು," ಎಂದ. ಟ್ರೇ ಹಿಡಿಯುವುದಕ್ಕೆ ಅಕ್ಕ ಆದಳು. ಬರುವುದಿಲ್ಲ ಎನ್ನಲು ಅವಳಿಗೇನು ಹುಚ್ಚೇ? ಆ ದಿನ ಅವಳು ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು ಬಂದಿದ್ದಳು.

ಆಸ್ಪತ್ರೆಯ ಎರಡನೆಯ ಮಹಡಿಯ ಕೋಣೆ. ಉದ್ದನೆಯ ಮೇಜು, ಒಂದು ಕಡೆ ಸುಟ್ಟಗಾಯದ ವಿಭಾಗದ ದೊಡ್ಡ ಡಾಕ್ಟರು ಮತ್ತು ಹಿರಿಯ ನರ್ಸ್, ಇನ್ನೊಂದು ಕಡೆ ಮಾಲೀಕರು, ಬೆಣ್ಣೆರಾಯ. ಅವಳು ಟ್ರೇ ಹಿಡಿದು ಗೋಡೆಗೆ ಒರಗಿ ನಿಂತಳು. ಬೆಣ್ಣೆರಾಯ ಅಂದೇ ಬಿಡಿಸಿದ ಹಾಳೆಯನ್ನು ಎತ್ತಿ ಎರಡೂ ಕೈಯಿಂದ ಎಳೆದ. ಅದು ಹಿಗ್ಗಿತು, ಬಿಟ್ಟರೆ ಕುಗ್ಗಿತು. ಡಾಕ್ಟರು ಮುಟ್ಟಿ ನೋಡಿ ತಲೆದೂಗಿದರು. ಅವನು ಚೀಟಿಯ ಅಂಕಿಯನ್ನು ಎರಡು ಸಲ ಓದಿದ. "ಇದು ನನ್ನ ಎರಡನೇ ಹಾಳೆ," ಎಂದೂ ಸೇರಿಸಿದ.

ಹಿರಿಯ ನರ್ಸ್ ಎದ್ದುಹೋಗಿ, ಒಂದು ಸ್ಟೀಲ್ ಬೇಸಿನ್ ತಂದು ಮೇಜಿನ ನಡುವೆ ಇಟ್ಟರು. "ಬುಧವಾರ ಕಳಿಸಿದ್ರಲ್ಲ, ಅದರಲ್ಲಿ ಒಂದನ್ನ ಉಪ್ಪುನೀರಲ್ಲಿ ಹಾಕಿಟ್ಟಿದ್ದೆ. ಗಾಯ ಒದ್ದೆ ಇರುತ್ತೆ ನೋಡಿ, ಅದಕ್ಕೆ," ಎಂದರು. ಕೈಗವಸು ಹಾಕಿಕೊಂಡು ಹಾಳೆಯ ಎರಡು ಮೂಲೆ ಹಿಡಿದು ಎತ್ತಿದರು. ಮೂಲೆಗಳು ಮಾತ್ರ ಬೆರಳಿಗೆ ಬಂದವು. ಉಳಿದದ್ದು ಬೇಸಿನ್ನಿನಲ್ಲೇ ಕುಳಿತು ಅಲುಗಾಡಿತು.

ಲೋಳೆಯಕ್ಕನ ಎದೆಯೊಳಗೆ ಏಳು ವರ್ಷದಿಂದ ಕುಳಿತಿದ್ದ ಉರಿಗೆ ತಣ್ಣೀರು ಬಿದ್ದಂತಾಯಿತು. ಅವಳಿಗೆ ಹಿತವಾಯಿತು, ಅದನ್ನು ಮುಚ್ಚಿಡುವುದೇಕೆ. ಅವನ ಕಿವಿಯ ತುದಿ ಕೆಂಪಾಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ಇದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು?" ಎಂದು ಅವನು ಹಲ್ಲು ಕಚ್ಚಿ ಅವಳತ್ತ ತಿರುಗಿದ.

"ಕೇಳಿದಾಗ ಮಾತ್ರ ಹೇಳಿ ಅಂದಿದ್ರಿ ಸಾರ್. ಕೇಳಿದ್ದು ಇವತ್ತು."

ಮಾಲೀಕರು ಇಬ್ಬರನ್ನೂ ನೋಡಿದರು. ಬೆಣ್ಣೆರಾಯನಿಗೆ ಒಂದು ದಾರಿ ಕಂಡಿತು, ಅವನು ಅದಕ್ಕೆ ನುಗ್ಗಿದ. "ಸಾರ್, ನಾನು ಹೀಗೆ ಮಾಡಿ ಅಂತ ಹೇಳಿರಬಹುದು, ಆದ್ರೆ ತೂಕ ಹಾಕಿದ್ದು ಇವರು, ಅಚ್ಚು ಹಾಕಿದ್ದು ಇವರು, ಚೀಟೀಲಿ ಸಹಿಯೂ ಇವರದೇ. ಮಾಡಿದವರದೇ ಅಲ್ವಾ ಹಾಳೆ? ಇದು ಪೂರ್ತಿ ಇವರ ಹಾಳೆ."

ಏಳು ವರ್ಷ ಅವಳು ಯಾವ ಮಾತಿಗೆ ಕಾದಿದ್ದಳೋ ಅದೇ ಮಾತು, ನಾಲ್ಕು ಜನರ ಮುಂದೆ, ಅವನ ಬಾಯಿಂದಲೇ ಬಂತು. ಆದರೆ ಬೇಸಿನ್ನಿನಲ್ಲಿ ಕೊಳೆತಂತೆ ಬಿದ್ದಿದ್ದ ಈ ಹಾಳೆಯ ಪಾಲಿಗೆ ಬಂತು. ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ಅವನು ನಿಟ್ಟುಸಿರು ಬಿಟ್ಟ.

ಅವಳು ಟ್ರೇಯನ್ನು ಮೇಜಿನ ಮೇಲಿಟ್ಟಳು. "ಹೌದು ಸಾರ್, ನಂದೇ," ಎಂದಳು ಮಾಲೀಕರಿಗೆ. "ಮಾಡಿದವರದೇ ಹಾಳೆ ಅಂತ ಅವ್ರೇ ಹೇಳಿದ್ರು. ಹಂಗಾದ್ರೆ ಹಳೇ ಹಾಳೆಗೂ ತೂಕ ಹಾಕಿದ್ದು, ಅಚ್ಚು ಹಾಕಿದ್ದು, ಸಹಿ ಮಾಡಿದ್ದು ಇದೇ ಕೈ. ಅದು ಯಾರದು ಅಂತಾನೂ ಹೇಳಿಬಿಡ್ಲಿ. ಹೇಳಿಸಿದವರದಾದ್ರೆ ಎರಡೂ ಅವರದು, ಮಾಡಿದವರದಾದ್ರೆ ಎರಡೂ ನಂದು."

"ಹೇಳ್ರೀ," ಎಂದರು ಮಾಲೀಕರು.

ಬೆಣ್ಣೆರಾಯ ಹಳೆಯದು ಬೇರೆ ವಿಷಯ ಎಂದ, ಅದಕ್ಕೆ ದಾಖಲೆ ಇದೆ ಎಂದ. ಡಾಕ್ಟರು ಕುತೂಹಲಕ್ಕೆಂಬಂತೆ, ಹಳೆಯದರಲ್ಲಿ ಗಂಟಿನ ಮದ್ದು ಎಷ್ಟು ಎಂದು ಕೇಳಿದರು. ಅವನು ಫೈಲಿಗೆ ಕೈ ಹಾಕಿದ. ಅವನು ಪುಟ ತಿರುವುತ್ತಿರುವಂತೆಯೇ ಅವಳು ಮದ್ದಿನ ಅಳತೆ, ಪುಡಿಯ ಅಳತೆ, ಬಿಸಿ ಎಷ್ಟು, ಎಷ್ಟು ಹೊತ್ತು, ನೆಂದ ಮೇಲೆ ತೂಕ ಎಷ್ಟು ಪಟ್ಟು, ನೀರಿನ ಎಳೆತ ಎಷ್ಟು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾಲೀಕರು ಫೈಲನ್ನು ಅವನ ಕೈಯಿಂದ ತೆಗೆದುಕೊಂಡು ಹೋಲಿಸಿ ನೋಡಿ ಮುಚ್ಚಿದರು. ಹಳೆಯದು ತನ್ನದೆಂದರೆ ಬೇಸಿನ್ನಿನಲ್ಲಿರುವುದೂ ತನ್ನದಾಗುತ್ತದೆ. ಬೆಣ್ಣೆರಾಯ ನೆಲ ನೋಡುತ್ತ, "ಹಳೇದೂ ಇವರದೇ," ಎಂದ.

"ಕೇಳಿಸ್ಲಿಲ್ಲ," ಎಂದಳು ಅವಳು. ಕೇಳಿಸಿತ್ತು.

"ಹಳೇ ಹಾಳೆಯೂ ಇವರದೇ," ಎಂದು ಅವನು ಜೋರಾಗಿ ಹೇಳಿದ.

ಮಾಲೀಕರು ಎದ್ದು, ಅವನನ್ನು ಕಣ್ಣಲ್ಲೇ ಕರೆದು ಹೊರಗೆ ನಡೆದರು. ಡಾಕ್ಟರೂ ಹೋದರು. ಮುಚ್ಚಿದ ಬಾಗಿಲಾಚೆ ಮಾಲೀಕರ ದನಿ ಏರುವುದು ಕೇಳುತ್ತಿತ್ತು. ಅವಳು ಅದನ್ನು ಒಂದು ಪದವೂ ತಪ್ಪಿಹೋಗದಂತೆ ಕೇಳುತ್ತ, ನಿಧಾನವಾಗಿ ಟ್ರೇ ಒರೆಸಿದಳು. ಹಿರಿಯ ನರ್ಸ್ ಬೇಸಿನ್ನಿನ ಎದುರು ಹಾಗೆಯೇ ಕುಳಿತಿದ್ದರು.

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತು," ಎಂದರು ಅವರು.

"ಗೊತ್ತಿತ್ತು ಸಿಸ್ಟರ್."

"ಯಾವಾಗಿಂದ?"

"ಒಂದು ತಿಂಗಳಾಯ್ತು."

ನರ್ಸ್ ಕೈಗವಸು ಬಿಚ್ಚಿದರು. "ಸೋಮವಾರ ಒಬ್ಬರಿಗೆ ಹಾಕೋದು ಅಂತ ಡಾಕ್ಟರು ಬರೆದಾಗಿತ್ತು. ನಾನು ನೆನೆಸಿ ನೋಡದೇ ಇದ್ದಿದ್ರೆ ಹಾಕೇ ಬಿಡ್ತಿದ್ವಿ. ನೀವು ಯಾವಾಗ ಹೇಳ್ತಿದ್ರಿ?"

ಸೋಮವಾರದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಬರೀ ತೋರಿಸುವ ದಿನ, ಯಾರಾದರೂ ನೆನೆಸಿ ನೋಡುತ್ತಾರೆ, ಮೇಜಿನ ಮೇಲೆ ಹರಿಯುತ್ತದೆ, ಅವನ ಮಾನ ಹೋಗುತ್ತದೆ ಎಂದಷ್ಟೇ ಅವಳು ಲೆಕ್ಕ ಹಾಕಿದ್ದು. ಅದನ್ನು ಹೇಳಬಹುದಿತ್ತು. ಹೇಳಿದರೆ ಉತ್ತರವಾಗುತ್ತಿರಲಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ಎದುರಿಗಿದ್ದವರಿಗೂ ಗೊತ್ತಿತ್ತು.

"ಬನ್ನಿ," ಎಂದರು ನರ್ಸ್. "ಬೈಯೋಕಲ್ಲ. ಹಾಳೆ ನಿಮ್ಮದು ಅಂದ ಮೇಲೆ ನೀವೇ ಅವರಿಗೆ ಹೇಳಿ, ಸೋಮವಾರ ಇಲ್ಲ ಅಂತ. ನಾನು ಹದಿನೈದು ದಿನದಿಂದ ಆಸೆ ಹುಟ್ಟಿಸಿಟ್ಟಿದೀನಿ."

ಒಂದು ಮಹಡಿ ಇಳಿದು, ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಹೆಂಗಸೊಬ್ಬಳು ಬೋರಲು ಮಲಗಿದ್ದಳು. ಹೆಚ್ಚೂ ಕಡಿಮೆ ಲೋಳೆಯಕ್ಕನ ವಯಸ್ಸು. ಬೆನ್ನಿನ ತುಂಬ ಹಾಳೆಗಳು. ಅಂಚಿನಲ್ಲಿ ಅವು ಒಣಗಿ, ಸುರುಟಿ, ಚರ್ಮಕ್ಕೆ ಕಚ್ಚಿಕೊಂಡಿದ್ದವು. ತನ್ನ ಅರವತ್ತಮೂರನೆಯ ಅಚ್ಚನ್ನು ಮನುಷ್ಯರ ಮೈಮೇಲೆ ಲೋಳೆಯಕ್ಕ ನೋಡಿದ್ದು ಅದೇ ಮೊದಲು.

"ಇವ್ರೇ ನೋಡಿ, ಹಾಳೆ ಮಾಡೋರು," ಎಂದರು ನರ್ಸ್.

ಹೆಂಗಸು ಕತ್ತು ತಿರುಗಿಸಲಾಗದೆ, ದಿಂಬಿಗೆ ಒತ್ತಿದ ಕೆನ್ನೆಯಲ್ಲೇ ಮಾತಾಡಿದಳು. "ದಿನಾ ಬೆಳಿಗ್ಗೆ ಇವನ್ನ ಕಿತ್ತು ಬೇರೆ ಹಾಕ್ತಾರಮ್ಮ. ಗಡಿಯಾರ ಎಂಟು ಹೊಡೀತು ಅಂದ್ರೆ ಜೀವ ಬಾಯಿಗೆ ಬರುತ್ತೆ. ಹೊಸದು ಬಂದ್ರೆ ನೋಯಲ್ಲ ಅಂತ ಸಿಸ್ಟರ್ ಅಂದ್ರು. ತಂದ್ರಾ?"

"ಇಲ್ಲ," ಎಂದಳು ಲೋಳೆಯಕ್ಕ. "ಅದು ಸರಿ ಬಂದಿಲ್ಲ. ಮತ್ತೆ ಮಾಡ್ಬೇಕು."

"ಮಾಡೋಕೆ ಬರುತ್ತಾ ನಿಮಗೆ?"

"ಬರುತ್ತೆ."

"ಎಷ್ಟು ದಿನ ಆಗುತ್ತಮ್ಮ?"

ಲೋಳೆಯಕ್ಕ ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡಳು. ನರ್ಸ್ ಅವಳನ್ನೇ ನೋಡುತ್ತಿದ್ದರು.

"ಒಂದು ತಿಂಗಳು," ಎಂದಳು.